ಬೀಗ ಬಿದ್ದ ಶಾಲೆಗಳು: ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಐದು ವರ್ಷಗಳು

1959ರ ಸೆಪ್ಟೆಂಬರಿನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಸೇರಿದ ಪ್ರಿನ್ಸ್ ಎಡ್ವರ್ಡ್ ಎಂಬ ಕೌಂಟಿಯಲ್ಲಿ ಸಾರ್ವಜನಿಕ ಶಾಲೆಗಳ ಬಾಗಿಲು ತೆರೆಯಲಿಲ್ಲ. ಕಟ್ಟಡಗಳು ಸುಸ್ಥಿತಿಯಲ್ಲಿದ್ದವು. ಪಾಠ ಹೇಳಲು ಉಪಾಧ್ಯಾಯರಿದ್ದರು. ಕೌಂಟಿಯ ಬೊಕ್ಕಸವೇನೂ ಬರಿದಾಗಿರಲಿಲ್ಲ. ಆದರೂ ಆ ಬಾಗಿಲುಗಳು ಐದು ವರ್ಷ ಮುಚ್ಚಿಯೇ ಇದ್ದವು. ಯಾರೂ ಕೈಯೆತ್ತಿ ಹೊಡೆಯದೆ, ಯಾವ ಕಟ್ಟಡಕ್ಕೂ ಬೆಂಕಿಯಿಡದೆ, ಕೇವಲ ಒಂದು ಆಯವ್ಯಯ ಪತ್ರದಲ್ಲಿ ಒಂದು ಬಾಬನ್ನು ಖಾಲಿ ಬಿಟ್ಟು ಒಂದು ಪೀಳಿಗೆಯ ಮಕ್ಕಳಿಗೆ ಮಾಡಿದ ಅನ್ಯಾಯದ ಚರಿತ್ರೆಯಿದು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಲು ಅಲ್ಲಿಯ ಶಾಲಾಡಳಿತದ ರಚನೆಯನ್ನು ಸ್ವಲ್ಪ ಅರಿಯಬೇಕು. ಅಮೆರಿಕದಲ್ಲಿ ಶಾಲೆಗಳನ್ನು ನಡೆಸುವ ಹೊಣೆ ಬಹುಮಟ್ಟಿಗೆ ಸ್ಥಳೀಯ ಶಾಲಾ ಮಂಡಳಿಗಳದು. ಅನೇಕ ರಾಜ್ಯಗಳಲ್ಲಿ ಈ ಮಂಡಳಿಗಳಿಗೆ ತಾವೇ ತೆರಿಗೆ ವಿಧಿಸುವ ಅಧಿಕಾರವುಂಟು. ವರ್ಜೀನಿಯಾದ ಪದ್ಧತಿ ಬೇರೆ. ಅಲ್ಲಿ ಶಾಲಾ ಮಂಡಳಿಯು ಕಟ್ಟಡಗಳನ್ನು ನೋಡಿಕೊಳ್ಳುತ್ತದೆ, ಉಪಾಧ್ಯಾಯರನ್ನು ನೇಮಿಸುತ್ತದೆ; ಆದರೆ ಸ್ಥಳೀಯ ತೆರಿಗೆಯನ್ನು ಎತ್ತುವುದೂ ಅದರಿಂದ ಶಾಲೆಗೆ ಹಣ ಮಂಜೂರು ಮಾಡುವುದೂ ಚುನಾಯಿತರಾದ ಮೇಲ್ವಿಚಾರಕರ ಕೌಂಟಿ ಮಂಡಳಿಗೆ ಸೇರಿದ್ದು. ಹೀಗೆ ಹೊಣೆ ಒಂದು ಕೈಯಲ್ಲಿ, ಹಣದ ಚೀಲ ಇನ್ನೊಂದು ಕೈಯಲ್ಲಿ. ಇವೆರಡೂ ಕೂಡಿ ನಡೆದಷ್ಟು ಕಾಲ ಈ ವ್ಯವಸ್ಥೆಯ ದೌರ್ಬಲ್ಯ ಯಾರ ಕಣ್ಣಿಗೂ ಬೀಳಲಿಲ್ಲ.

ಹೊಗೆಸೊಪ್ಪು ಬೆಳೆಯುವ ಈ ಸೀಮೆಯ ಮುಖ್ಯ ಪಟ್ಟಣ ಫಾರ್ಮ್‌ವಿಲ್. ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ವರ್ಣದ ಮಕ್ಕಳಿಗೆ ಇನ್ನೊಂದು ಎಂಬುದು ಅಂದಿನ ಕಾನೂನು. 1939ರಲ್ಲಿ ಕಪ್ಪು ಮಕ್ಕಳಿಗಾಗಿ ಕಟ್ಟಿದ ರಾಬರ್ಟ್ ರಸ್ಸಾ ಮೋಟನ್ ಪ್ರೌಢಶಾಲೆಯಲ್ಲಿ 180 ವಿದ್ಯಾರ್ಥಿಗಳಿಗೆ ಮಾತ್ರ ಸ್ಥಳವಿತ್ತು. ಹತ್ತು ಹನ್ನೆರಡು ವರ್ಷಗಳಲ್ಲಿ ಅವರ ಸಂಖ್ಯೆ 450ನ್ನು ದಾಟಿತು. ಹೊಸ ಕಟ್ಟಡ ಬೇಕೆಂದು ಪೋಷಕರು ಬೇಡಿದಾಗ ಸಿಕ್ಕಿದ್ದು ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊದಿಸಿದ ಕೆಲವು ತಾತ್ಕಾಲಿಕ ಕೊಠಡಿಗಳು.

1951ರ ಏಪ್ರಿಲ್ 23ರಂದು ಹದಿನಾರು ವಯಸ್ಸಿನ ಬಾರ್ಬರಾ ಜಾನ್ಸ್ ಎಂಬ ವಿದ್ಯಾರ್ಥಿನಿಯ ಮುಂದಾಳುತನದಲ್ಲಿ ಇಡೀ ಶಾಲೆ ತರಗತಿಗಳನ್ನು ತ್ಯಜಿಸಿ ಹೊರಬಂದಿತು. ದೂರವಾಣಿಯ ಸುಳ್ಳು ಕರೆಯೊಂದರಿಂದ ಮುಖ್ಯೋಪಾಧ್ಯಾಯರನ್ನು ಊರೊಳಗೆ ಕಳುಹಿಸಿ, ಅವರ ಹೆಸರಿನಲ್ಲಿಯೇ ಚೀಟಿಗಳನ್ನು ಬರೆದು ಸಭೆ ಸೇರಿಸಿದ ಸಂಗತಿ ಸತ್ಯವ್ರತಿಗಳಿಗೆ ಒಪ್ಪಿಗೆಯಾಗಲಾರದು. ಮುಂದೆ ಕೆಲಸ ಕಳೆದುಕೊಂಡವರೂ ಆ ಮುಖ್ಯೋಪಾಧ್ಯಾಯರೇ. ಮಕ್ಕಳು ಮೊದಲು ಕೇಳಿದ್ದು ಒಳ್ಳೆಯ ಕಟ್ಟಡವನ್ನಷ್ಟೆ. ಅವರ ಕರೆಗೆ ಓಗೊಟ್ಟು ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರು ವರ್ಣಭೇದವನ್ನೇ ಪ್ರಶ್ನಿಸುವುದಾದರೆ ಮಾತ್ರ ಮೊಕದ್ದಮೆ ಹೂಡುವುದಾಗಿ ತಿಳಿಸಿದರು. 117 ವಿದ್ಯಾರ್ಥಿಗಳ ಪರವಾಗಿ ದಾಖಲಾದ ಆ ಮೊಕದ್ದಮೆ ಇತರ ನಾಲ್ಕರೊಡನೆ ಕೂಡಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು 1954ರ ಮೇ 17ರಂದು ಸಾರಿದ ಬ್ರೌನ್ ತೀರ್ಪು ಇವುಗಳ ಫಲ. ಈ ನಡುವೆ, 1953ರಲ್ಲಿ, ಕೌಂಟಿಯು ಕಪ್ಪು ಮಕ್ಕಳಿಗೆ ಹೊಸ ಪ್ರೌಢಶಾಲೆಯೊಂದನ್ನು ಕಟ್ಟಿಸಿತ್ತು. ಮೊಕದ್ದಮೆಯ ಭಯ ಬೇಡಿಕೆಗಿಂತ ಬೇಗ ಕೆಲಸ ಮಾಡುತ್ತದೆಂಬುದಕ್ಕೆ ಇದೊಂದು ನಿದರ್ಶನ.

ತೀರ್ಪು ಬಂದರೂ ಪಾಲನೆ ಬರಲಿಲ್ಲ. ಸೆನೆಟರ್ ಹ್ಯಾರಿ ಬರ್ಡ್ ಅವರ ನೇತೃತ್ವದಲ್ಲಿ ವರ್ಜೀನಿಯಾ ರಾಜ್ಯವೇ ಪ್ರತಿರೋಧಕ್ಕೆ ನಿಂತಿತು. ವರ್ಣಮಿಶ್ರಣಕ್ಕೆ ನ್ಯಾಯಾಲಯದ ಆಜ್ಞೆಯಾದ ಶಾಲೆಗಳನ್ನು 1958ರಲ್ಲಿ ರಾಜ್ಯ ಸರಕಾರ ಮುಚ್ಚಿಸಿತು. 1959ರ ಜನವರಿಯಲ್ಲಿ ನ್ಯಾಯಾಲಯಗಳು ಆ ಕಾನೂನನ್ನು ತಳ್ಳಿಹಾಕಿದವು. ಉಳಿದ ಊರುಗಳಲ್ಲಿ ಶಾಲೆಗಳು ಮತ್ತೆ ತೆರೆದುಕೊಂಡವು. ಪ್ರಿನ್ಸ್ ಎಡ್ವರ್ಡ್ ಬೇರೊಂದು ದಾರಿ ಹಿಡಿಯಿತು. ಮಿಶ್ರ ಶಾಲೆಗಿಂತ ಶಾಲೆಯೇ ಇಲ್ಲದಿರುವುದು ಲೇಸೆಂಬ ಮನವಿಗೆ ಅಲ್ಲಿಯ ನಾಲ್ಕು ಸಾವಿರಕ್ಕೂ ಹೆಚ್ಚು ಬಿಳಿಯರು ಮೊದಲೇ ಸಹಿ ಹಾಕಿದ್ದರು. ಸೆಪ್ಟೆಂಬರಿನೊಳಗೆ ಮಿಶ್ರ ಶಾಲೆ ಆರಂಭವಾಗಬೇಕೆಂಬ ಆಜ್ಞೆ ಬಂದೊಡನೆ, 1959ರ ಜೂನ್‌ನಲ್ಲಿ, ಕೌಂಟಿ ಮಂಡಳಿ ಶಾಲೆಗಳಿಗೆ ಒಂದು ಡಾಲರನ್ನೂ ಮಂಜೂರು ಮಾಡಲಿಲ್ಲ. ಮಾಡಿದ ಕಾರ್ಯವನ್ನು ನ್ಯಾಯಾಲಯ ರದ್ದುಗೊಳಿಸಬಹುದು; ಮಾಡದೆ ಬಿಟ್ಟ ಕಾರ್ಯವನ್ನು ರದ್ದುಗೊಳಿಸುವುದು ಹೇಗೆ? ಈ ಪ್ರಶ್ನೆಯ ಮರೆಯಲ್ಲಿ ಐದು ವರ್ಷ ಸರಿದವು. ಕಡ್ಡಾಯ ಹಾಜರಾತಿಯ ನಿಯಮವನ್ನು ರಾಜ್ಯವೂ ಅದೇ ವರ್ಷ ಸ್ಥಳೀಯರ ಇಚ್ಛೆಗೆ ಬಿಟ್ಟುಕೊಟ್ಟಿತು.

ಬಿಳಿಯ ಮಕ್ಕಳಿಗಾಗಿ ಖಾಸಗಿ ಪ್ರತಿಷ್ಠಾನವೊಂದು ಪ್ರಿನ್ಸ್ ಎಡ್ವರ್ಡ್ ಅಕಾಡೆಮಿಯನ್ನು ತೆರೆಯಿತು. ಮೊದಲ ವರ್ಷ ಅದು ದೇಣಿಗೆಯಿಂದ ನಡೆಯಿತು. ಎರಡನೆಯ ವರ್ಷ ರಾಜ್ಯವು ಪ್ರತಿ ವಿದ್ಯಾರ್ಥಿಗೆ 125 ಅಥವಾ 150 ಡಾಲರ್, ಕೌಂಟಿಯು 100 ಡಾಲರ್ ಶುಲ್ಕ ಸಹಾಯ ನೀಡಿದವು. ಖಾಸಗಿ ಶಾಲೆಗೆ ಕೊಟ್ಟ ದೇಣಿಗೆಗೆ ಆಸ್ತಿ ತೆರಿಗೆಯಲ್ಲಿ ಶೇಕಡಾ 25ರವರೆಗೆ ವಿನಾಯಿತಿಯೂ ದೊರೆಯಿತು. ಧರ್ಮಸಂಸ್ಥೆಗಳ ಲೆಕ್ಕಪತ್ರ ನೋಡಿ ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರಿಂದ ಬಂದ ಹಣ ಕೆಲವರ ಪಾಲಾಗುತ್ತಿತ್ತು, ಆದರೆ ಪುಸ್ತಕದಲ್ಲಿ ಅದು ದಾನದ ಹೆಸರು ಹೊತ್ತಿತ್ತು. 1961ರಲ್ಲಿ ನ್ಯಾಯಾಲಯವು ಶಾಲೆಗಳು ಮುಚ್ಚಿರುವವರೆಗೆ ಈ ಸಹಾಯವನ್ನು ತಡೆಯಿತು.

ಕಪ್ಪು ಮಕ್ಕಳಿಗೂ ಖಾಸಗಿ ಶಾಲೆ ತೆರೆಯುವುದಾಗಿ ಬಂದ ಸೂಚನೆಯನ್ನು ಅವರ ಹಿರಿಯರು ನಿರಾಕರಿಸಿದರು. ಈ ನಿರ್ಧಾರ ಸುಲಭದ್ದಾಗಿರಲಿಲ್ಲ. ಅದನ್ನು ಒಪ್ಪಿದ್ದರೆ ಮೊಕದ್ದಮೆಯ ಮೂಲವೇ ಅಳಿಯುತ್ತಿತ್ತು. ಒಪ್ಪದಿದ್ದುದರಿಂದ ಸುಮಾರು 1,700 ಮಕ್ಕಳು ಶಾಲೆಯಿಲ್ಲದೆ ಉಳಿದರು. ತತ್ತ್ವದ ಬೆಲೆಯನ್ನು ತೆತ್ತವರು ಅದನ್ನು ಆರಿಸಿಕೊಂಡ ಹಿರಿಯರಲ್ಲ, ಮಕ್ಕಳು. ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಅವರ ಮುಂದಾಳುತನದಲ್ಲಿ ಚರ್ಚುಗಳ ನೆಲಮಾಳಿಗೆಗಳಲ್ಲಿ ಅಕ್ಷರಾಭ್ಯಾಸ ನಡೆಯಿತು. ಕ್ವೇಕರ್ ಪಂಥದ ಸೇವಾಸಂಸ್ಥೆ ಕೆಲವು ಮಕ್ಕಳನ್ನು ಪರರಾಜ್ಯದ ಮನೆಗಳಲ್ಲಿರಿಸಿ ಓದಿಸಿತು. ಇನ್ನು ಕೆಲವರು ಬಂಧುಗಳ ಊರಿಗೆ ಹೋದರು. ಬಹು ಮಂದಿ ಹೊಲದ ಕೆಲಸಕ್ಕೆ ಇಳಿದರು. ಬಡ ಬಿಳಿಯರ ಮಕ್ಕಳಲ್ಲಿಯೂ ಕೆಲವರ ಗತಿ ಇದೇ ಆಯಿತು.

1963ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರದ ಒತ್ತಾಸೆಯಿಂದ, ಖಾಸಗಿ ದೇಣಿಗೆಯ ಬಲದಿಂದ, ಒಂದು ವರ್ಷದ ಮಟ್ಟಿಗೆ ಉಚಿತ ಶಾಲೆಗಳು ತೆರೆದವು. ರಾಜ್ಯದ ಮಾಜಿ ಗವರ್ನರ್ ಕೋಲ್ಗೇಟ್ ಡಾರ್ಡನ್ ಅಧ್ಯಕ್ಷರು. ನೀಲ್ ಸಲ್ಲಿವನ್ ಮುಖ್ಯಾಧಿಕಾರಿ. ಸುಮಾರು 1,500 ಮಕ್ಕಳು ಸೇರಿದರು; ಆರಂಭದಲ್ಲಿ ಅವರಲ್ಲಿ ಬಿಳಿಯರು ನಾಲ್ವರು. ನಾಲ್ಕು ವರ್ಷ ಪುಸ್ತಕ ಮುಟ್ಟದಿದ್ದ ಮಕ್ಕಳಿಗೆ ವಯಸ್ಸಿಗನುಗುಣವಾದ ತರಗತಿಗಳು ನಿರುಪಯುಕ್ತವಾದ್ದರಿಂದ ತರಗತಿಯ ಕಟ್ಟಳೆಯನ್ನೇ ಸಡಿಲಿಸಿ ಪಾಠ ನಡೆಸಬೇಕಾಯಿತು.

1964ರ ಮೇ 25ರಂದು ಸರ್ವೋಚ್ಚ ನ್ಯಾಯಾಲಯದ ಅಂತಿಮ ತೀರ್ಪು ಹೊರಬಿದ್ದಿತು. ಅದನ್ನು ಬರೆದವರು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್. ರಾಜ್ಯದ ಇತರ ಕೌಂಟಿಗಳಲ್ಲಿ ಶಾಲೆಗಳು ನಡೆಯುತ್ತಿರುವಾಗ ಇಲ್ಲಿ ಮಾತ್ರ ವರ್ಣದ ಕಾರಣಕ್ಕೆ ಮುಚ್ಚುವುದು ಸಮಾನತೆಗೆ ವಿರುದ್ಧವೆಂದೂ, ಅವಶ್ಯಬಿದ್ದರೆ ತೆರಿಗೆ ವಿಧಿಸಿ ಶಾಲೆ ನಡೆಸುವಂತೆ ಕೌಂಟಿ ಮಂಡಳಿಗೆ ಆಜ್ಞೆ ಮಾಡುವ ಅಧಿಕಾರ ಜಿಲ್ಲಾ ನ್ಯಾಯಾಲಯಕ್ಕಿದೆಯೆಂದೂ ಅದು ಹೇಳಿತು. ಶಾಲೆ ತೆರೆಯುವಂತೆ ಆಜ್ಞಾಪಿಸುವ ಅಧಿಕಾರದ ವಿಷಯದಲ್ಲಿ ಮಾತ್ರ ಇಬ್ಬರು ನ್ಯಾಯಮೂರ್ತಿಗಳು ಭಿನ್ನಾಭಿಪ್ರಾಯ ತಳೆದರು. ಮಾಡದೆ ಬಿಟ್ಟ ಕರ್ತವ್ಯಕ್ಕೂ ಉತ್ತರ ಕೊಡಬೇಕಾಗುತ್ತದೆಂಬುದು ಹೀಗೆ ಸ್ಥಾಪಿತವಾಯಿತು.

ಆದರೂ ಬುದ್ಧಿ ಬದಲಾಗಲಿಲ್ಲ. ಆ ಆಗಸ್ಟಿನ ಒಂದು ರಾತ್ರಿ, ನ್ಯಾಯಾಲಯ ತಡೆಯುವ ಮುನ್ನವೇ, ಕೌಂಟಿ ಮಂಡಳಿ ಸುಮಾರು 1,80,000 ಡಾಲರ್‌ಗಳ ಶುಲ್ಕ ಸಹಾಯವನ್ನು ಅಕಾಡೆಮಿಯ ಪೋಷಕರಿಗೆ ಚೆಕ್ಕುಗಳ ಮೂಲಕ ಹಂಚಿಬಿಟ್ಟಿತು. 1966ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ನ್ಯಾಯಾಂಗ ನಿಂದನೆಯೆಂದು ಪರಿಗಣಿಸಿತು. ಸಾರ್ವಜನಿಕ ಶಾಲೆಗಳು 1964ರಲ್ಲಿ ತೆರೆದವಾದರೂ ಬಿಳಿಯ ಮಕ್ಕಳು ಬಹುಕಾಲ ಅತ್ತ ಸುಳಿಯಲಿಲ್ಲ. ಅಕಾಡೆಮಿಯೂ 1980ರ ದಶಕದವರೆಗೆ ಕಪ್ಪು ಮಕ್ಕಳಿಗೆ ಪ್ರವೇಶ ಕೊಡಲಿಲ್ಲ.

ಹಳೆಯ ಮೋಟನ್ ಶಾಲೆಯ ಕಟ್ಟಡದಲ್ಲಿ 2001ರಲ್ಲಿ ವಸ್ತುಸಂಗ್ರಹಾಲಯ ಆರಂಭವಾಯಿತು. 2003ರಲ್ಲಿ ರಾಜ್ಯದ ಶಾಸನಸಭೆ ವಿಷಾದ ಸೂಚಿಸಿತು; ಓದು ತಪ್ಪಿದವರಿಗೆ ಅದೇ ವರ್ಷ ಗೌರವ ಪ್ರಮಾಣಪತ್ರಗಳನ್ನು ನೀಡಲಾಯಿತು. ಮರುವರ್ಷ ಅವರಿಗಾಗಿ ವಿದ್ಯಾರ್ಥಿವೇತನದ ಶಾಸನವಾಯಿತು. ರಾಜ್ಯವು ಹತ್ತು ಲಕ್ಷ ಡಾಲರ್ ಕೊಟ್ಟರೆ, ಜಾನ್ ಕ್ಲುಗೆ ಎಂಬ ಧನಿಕರು ಅಷ್ಟನ್ನೇ ಸೇರಿಸಿದರು. ಬೀಗ ಬಿದ್ದ ದಿನ ಹತ್ತು ವರ್ಷದವನಾಗಿದ್ದ ಬಾಲಕನಿಗೆ ಆಗ ಐವತ್ತೈದು ತುಂಬಿತ್ತು.