ಬರ್ಗಂಡಿಯ ದ್ರಾಕ್ಷಾವನಗಳಲ್ಲಿ ಥಾಮಸ್ ಜೆಫರ್‌ಸನ್

ದೇಶಸಂಚಾರಿಗಳು ಅನ್ಯದೇಶಗಳ ಮದ್ಯಗಳನ್ನು ರುಚಿನೋಡಿ ಬರೆದಿಟ್ಟ ಟಿಪ್ಪಣಿಗಳನ್ನು ಭೋಗವಿನೋದದ ಬರೆಹಗಳೆಂದು ಬದಿಗಿರಿಸುವ ವಾಡಿಕೆಯುಂಟು. ಈ ಉಪೇಕ್ಷೆ ಎಲ್ಲೆಡೆಯೂ ಯುಕ್ತವಲ್ಲ. ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್‌ಸನ್ನನು 1787ರಲ್ಲಿ ಬರ್ಗಂಡಿ ಪ್ರಾಂತದಲ್ಲಿ ಬರೆದುಕೊಂಡ ಟಿಪ್ಪಣಿಗಳು, ಫ್ರೆಂಚ್ ಮಹಾಕ್ರಾಂತಿಗೆ ಎರಡು ವರ್ಷ ಮುಂಚೆ ಅಲ್ಲಿಯ ದ್ರಾಕ್ಷಾವನಗಳ ಕೂಲಿಕಾರರು ಏನನ್ನು ಉಣ್ಣುತ್ತಿದ್ದರೆಂಬುದಕ್ಕೆ ಸಾಕ್ಷ್ಯವನ್ನು ಒದಗಿಸುತ್ತವೆ.

ಜೆಫರ್‌ಸನ್ನನು ಪ್ಯಾರಿಸನ್ನು ಬಿಟ್ಟದ್ದು 1787ನೆಯ ಫೆಬ್ರವರಿ 28ರಂದು. ಹಿಂದಿನ ವರ್ಷ ಮುರಿದಿದ್ದ ಮಣಿಕಟ್ಟಿಗೆ ಎಕ್ಸ್ ಪಟ್ಟಣದ ಖನಿಜಜಲದಿಂದ ಚಿಕಿತ್ಸೆ ಪಡೆಯುವುದು ಪ್ರಯಾಣದ ಪ್ರಕಟವಾದ ಕಾರಣ. ಆದರೆ ಆತನು ಹಿಡಿದ ಮಾರ್ಗವು ಬರ್ಗಂಡಿಯ ಪ್ರಖ್ಯಾತ ದ್ರಾಕ್ಷಾವನಗಳ ನಡುವೆಯೇ ಹಾದುಹೋಗುತ್ತಿತ್ತೆಂಬುದು ಗಮನಾರ್ಹ. ರಾಯಭಾರಿಯ ಪರಿವಾರವನ್ನು ಕಟ್ಟಿಕೊಳ್ಳದೆ, ತಾನೊಂದು ತಟ್ಟುವನ್ನೇರಿ, ಮತ್ತೊಂದರ ಮೇಲೆ ಆ ಊರಿನ ರೈತನೊಬ್ಬನನ್ನು ಕೂರಿಸಿಕೊಂಡು, ತೋಟದಿಂದ ತೋಟಕ್ಕೆ ಸುತ್ತಿದನು. ದ್ರಾಕ್ಷಿ ಬೆಳೆಯುವವರ ನೆಲಮಾಳಿಗೆಗಳಿಗೂ ಕೂಲಿಕಾರರ ಮನೆಗಳಿಗೂ ಹೊಕ್ಕು, ಅವರೊಡನೆ ಬೆರೆತು ಮಾತಾಡಿದುದಾಗಿ ತನ್ನ ಕಾರ್ಯದರ್ಶಿ ವಿಲಿಯಂ ಶಾರ್ಟನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ.

ಅವನು ಬರೆದುಕೊಂಡ ಬೆಲೆಗಳು ಕುತೂಹಲಕರವಾಗಿವೆ. ಈ ದ್ರಾಕ್ಷಾವನಗಳ ಸಾಲಿನಲ್ಲಿ ಅತ್ಯುತ್ತಮವಾದ ಕೆಂಪು ಮದ್ಯವು ಒಂದು ಕೊನೆಯಾದ ಶಾಂಬರ್ತೆಂನಲ್ಲಿಯೂ, ಅತ್ಯುತ್ತಮವಾದ ಬಿಳಿಯ ಮದ್ಯವು ಇನ್ನೊಂದು ಕೊನೆಯಾದ ಮೋಂರಾಶೆಯಲ್ಲಿಯೂ ಆಗುತ್ತಿದ್ದವು. ಮೋಂರಾಶೆಯ ಮದ್ಯ ಸೀಸೆಯೊಂದಕ್ಕೆ 48 ಸೂ. ಅದರ ನೆರೆಯ ಮೆರ್ಸೋ ಗ್ರಾಮದಲ್ಲಿ ‘ಗೂತ್ ದೋರ್’, ಎಂದರೆ ಚಿನ್ನದ ಹನಿ, ಎನಿಸಿಕೊಂಡ ಉತ್ತಮ ಮದ್ಯಕ್ಕೆ 6 ಸೂ ಮಾತ್ರ. ವೊಲ್ನೆಯ ಕೆಂಪು ಮದ್ಯವು ಪರಿಮಳದಲ್ಲಿ ಶಾಂಬರ್ತೆಂಗೆ ಸಮನಾಗಿದ್ದರೂ ಬಹುಕಾಲ ಬಾಳದ ಕಾರಣ 12 ಸೂಗಳಿಗೆ ಮಾರುತ್ತಿತ್ತು.

ಇದೇ ಟಿಪ್ಪಣಿಯಲ್ಲಿ ರೊಟ್ಟಿಯ ವಿಷಯವೂ ಬರುತ್ತದೆ. ಪೊಮ್ಮಾರ್ ಮತ್ತು ವೊಲ್ನೆ ಗ್ರಾಮಗಳ ಜನ ಒಳ್ಳೆಯ ಗೋಧಿರೊಟ್ಟಿಯನ್ನು ತಿನ್ನುತ್ತಿದ್ದರು. ಪಕ್ಕದ ಮೆರ್ಸೋದವರು ರೈ ಎಂಬ ಒರಟು ಧಾನ್ಯದ ರೊಟ್ಟಿಯನ್ನು ತಿನ್ನುತ್ತಿದ್ದರು. ಇದೇಕೆಂದು ಜೆಫರ್‌ಸನ್ನನು ವಿಚಾರಿಸಿದನು. ಬಿಳಿಯ ದ್ರಾಕ್ಷಿಯ ಬೆಳೆ ಕೆಂಪಿನದಕ್ಕಿಂತ ಹೆಚ್ಚು ಬಾರಿ ಕೈಕೊಡುತ್ತದೆ, ಆದ ಮದ್ಯವೂ ಮಾರಾಟವಾಗದೆ ಉಳಿಯುತ್ತದೆ, ಆದುದರಿಂದ ಒಡೆಯನು ಕೂಲಿಯವರಿಗೆ ಒಳ್ಳೆಯ ಆಹಾರವನ್ನು ಕೊಡಲಾರನು ಎಂದು ಅಲ್ಲಿಯವರು ಉತ್ತರವಿತ್ತರು. ಕೆಂಪನ್ನು ಬೆಳೆಯೋಣವೆಂದರೆ ಮೆರ್ಸೋದ ನೆಲದಲ್ಲಿ ಕಲ್ಲು ವಿಪರೀತ. ಒಂದು ಹೊಲದ ಕಲ್ಲಿಗೂ ಕೂಲಿಯವನ ತಟ್ಟೆಗೂ ಇರುವ ಈ ಸಂಬಂಧವನ್ನು ಯಾವ ಸರಕಾರಿ ಕಡತವೂ ಇಷ್ಟು ಸ್ಪಷ್ಟವಾಗಿ ಹೇಳಲಾರದು.

ಆದರೂ ಈ ಸಾಕ್ಷ್ಯವನ್ನು ಅಳೆದು ಸ್ವೀಕರಿಸಬೇಕು. ಆತನು ಅಲ್ಲಿದ್ದುದು ಮಾರ್ಚಿ ತಿಂಗಳ ಕೆಲವೇ ದಿನ. ಬಳ್ಳಿಗಳು ಆಗ ಬೋಳಾಗಿದ್ದುವು. ಸುಗ್ಗಿಯನ್ನಾಗಲಿ ರಸ ಹಿಂಡುವುದನ್ನಾಗಲಿ ಅವನು ಕಂಡಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೆರ್ಸೋದ ಕೂಲಿಯವನ ರೊಟ್ಟಿಯನ್ನು ಕಂಡು ಮರುಗಿದ ಈತನೇ ವರ್ಜೀನಿಯದಲ್ಲಿ ಗುಲಾಮರ ಒಡೆಯನಾಗಿದ್ದನು. ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ದಾಸ್ಯದಲ್ಲಿರಿಸಿಕೊಂಡಿದ್ದನು. ಅವರಲ್ಲೊಬ್ಬನಾದ ಜೇಮ್ಸ್ ಹೆಮಿಂಗ್ಸನು ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಒಡೆಯನಿಗಾಗಿ ಪಾಕಶಾಸ್ತ್ರವನ್ನು ಅಭ್ಯಾಸಮಾಡುತ್ತಿದ್ದನು. ಪರದೇಶದ ಬಡತನವನ್ನು ಕಾಣುವ ಕಣ್ಣು ಸ್ವಂತ ಮನೆಯಲ್ಲಿ ಮಂಜಾಗುವುದು ಸಂಚಾರಸಾಹಿತ್ಯದಲ್ಲಿ ಅಪೂರ್ವವೇನಲ್ಲ.

ಮದ್ಯದ ವಿಷಯದಲ್ಲಿಯಾದರೋ ಆತನ ವಿವೇಚನೆ ನಿಖರವಾಗಿತ್ತು. ಮೇ ತಿಂಗಳ ಕೊನೆಯಲ್ಲಿ ಬೋರ್ಡೋ ಪಟ್ಟಣವನ್ನು ಸೇರಿ, ಮಾರ್ಗೋ, ಲಾತೂರ್, ಓಬ್ರಿಯೋಂ, ಲಾಫೀತ್ ಎಂಬ ನಾಲ್ಕು ತೋಟಗಳನ್ನು ಪ್ರಥಮಶ್ರೇಣಿಯವೆಂದು ಬರೆದುಕೊಂಡನು. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋ ದಲ್ಲಾಳಿಗಳು ಸಿದ್ಧಪಡಿಸಿದ ಪಟ್ಟಿಯಲ್ಲಿಯೂ ಕೆಂಪು ಮದ್ಯಗಳಲ್ಲಿ ಮೊದಲ ದರ್ಜೆ ಈ ನಾಲ್ಕಕ್ಕೇ ಸಂದಿತು.

ಬರ್ಗಂಡಿಯ ಬೋನ್ ಪಟ್ಟಣದಲ್ಲಿ ಅವನಿಗೆ ಪರಿಚಯವಾದ ಎತಿಯೆನ್ ಪಾರಾಂ ಎಂಬ ಪೀಪಾಯಿ ಮಾಡುವವನು ಮುಂದೆ ಅವನ ಮದ್ಯಖರೀದಿಯ ಪ್ರತಿನಿಧಿಯಾದನು. ಜೆಫರ್‌ಸನ್ನನು ಪ್ಯಾರಿಸಿನಿಂದ ಅವನಿಗೆ ಬರೆದು ತರಿಸಿಕೊಂಡ ಮದ್ಯಗಳಲ್ಲಿ ವೊಲ್ನೆ, ಮೋಂರಾಶೆಗಳ ಜತೆಗೆ ಮೆರ್ಸೋದ ಆ ಅಗ್ಗದ ಚಿನ್ನದ ಹನಿಯೂ ಸೇರಿತ್ತು.