ತಂತಿ ಎಳೆಯುವವರ ಪರವಾನಗಿ

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕೊಳ್ಳಬಂದವರು ಸೆರಗನ್ನು ಬಿಡಿಸಿ, ಅಂಚು ಒಡಲನ್ನು ಕೂಡುವೆಡೆಯನ್ನು ಮಗುಚಿ ನೋಡುತ್ತಾರೆ. ಚಳ್ಳಕೆರೆಯಲ್ಲಿ ಕಂಬಳಿ ಕೊಳ್ಳುವವರು ಉಣ್ಣೆಯನ್ನು ಅಂಗೈಯಲ್ಲಿ ಉಜ್ಜಿ, ನೇಯ್ಗೆಯನ್ನು ಬಿಸಿಲಿಗೆ ಹಿಡಿದು ಅದರ ಬಿಗಿಯನ್ನು ಅಳೆಯುತ್ತಾರೆ. ಈ ಸೀಮೆಯ ನೇಕಾರರಾಗಲಿ, ಗಾಣಿಗರಾಗಲಿ, ಕಲ್ಲುಕುಟಿಗರಾಗಲಿ ತಮ್ಮ ಕಸುಬನ್ನು ನಡೆಸುವುದಕ್ಕೆ ಸರ್ಕಾರದ ಮುಂದೆ ಪರೀಕ್ಷೆ ಕೊಟ್ಟು ಪತ್ರ ಪಡೆಯಬೇಕಾಗಿರಲಿಲ್ಲ. ಕೆಲಸದ ದೋಷವು ಕೊಳ್ಳುವವನ ಕಣ್ಣಿಗೆ ಬೀಳತಕ್ಕಂತಹುದಾಗಿದ್ದುದರಿಂದಲೂ, ಬೀಳದೆ ಹೋದ ಪಕ್ಷದಲ್ಲಿ ಸಂಭವಿಸುತ್ತಿದ್ದುದು ಬಹುಮಟ್ಟಿಗೆ ಹಣದ ನಷ್ಟವೇ ಆಗಿದ್ದುದರಿಂದಲೂ, ಊರಿನ ಮಾತೇ ಅವರಿಗೆ ಸಾಕಾದ ಪರವಾನಗಿಯಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಒಂದು ಹೊಸ ಕಸುಬಿಗೆ ಮಾತ್ರ ಈ ಪರಂಪರೆ ಒಗ್ಗಲಿಲ್ಲ. ಮನೆಯೊಳಗೆ ವಿದ್ಯುತ್ತಿನ ತಂತಿಯನ್ನು ಎಳೆಯುವವನ ಕೆಲಸ ಮುಗಿದೊಡನೆಯೇ ಮರದ ಪಟ್ಟಿಯ ಮರೆಗೋ ಗೋಡೆಯ ಗಾರೆಯ ಒಳಗೋ ಅಡಗಿಹೋಗುತ್ತದೆ. ಅದರ ಲೋಪ ಪ್ರಕಟವಾಗುವುದು ಬೆಂಕಿಯಿಂದ, ಇಲ್ಲವೆ ಮರಣದಿಂದ. ಕಾಣದ ಕೆಲಸಕ್ಕೆ ಹೊಣೆ ಹೊರಲು ಯಾರಾದರೊಬ್ಬರ ಹೆಸರು ಬೇಕೆಂಬುದೇ ಪರವಾನಗಿಯ ಮೂಲಾರ್ಥ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಗಿ 1902ರಲ್ಲಿ ಸಿದ್ಧವಾದ ಶಿವನಸಮುದ್ರದ ಯಂತ್ರಾಗಾರದ ವಿದ್ಯುತ್ತು ಮೊದಲು ಹರಿದದ್ದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟ್ ತಿಂಗಳಲ್ಲಿ ಅದು ಬೆಂಗಳೂರಿನ ಬೀದಿಗಳನ್ನೂ, 1908ರಲ್ಲಿ ಮೈಸೂರನ್ನೂ ಬೆಳಗಿತು. ಬ್ರಿಟಿಷ್ ಇಂಡಿಯಾದಲ್ಲಿ ಈ ಶಕ್ತಿಯ ಅಪಾಯವನ್ನು ಕುರಿತ ಶಾಸನ 1887ರಷ್ಟು ಹಿಂದೆಯೇ ಹುಟ್ಟಿತ್ತು. 1903ರಲ್ಲಿ ಅದು ವಿಸ್ತಾರಗೊಂಡು, 1910ರಲ್ಲಿ ಇಂಡಿಯನ್ ಎಲೆಕ್ಟ್ರಿಸಿಟಿ ಆಕ್ಟ್ ಎಂಬ ರೂಪವನ್ನು ತಳೆದು, ಮುಂದೆ ಸುಮಾರು ಒಂದು ಶತಮಾನ ನೆಲೆನಿಂತಿತು. ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಹಂಚುತ್ತಿದ್ದುದು ಸರ್ಕಾರದ ಇಲಾಖೆಯೇ ಆದಕಾರಣ, ಶಕ್ತಿಯನ್ನು ಮಾರುವವನೂ ಅದರ ಬಳಕೆಯ ಮೇಲೆ ಕಣ್ಣಿಡುವವನೂ ಇಲ್ಲಿ ಒಂದೇ ಪ್ರಭುತ್ವದ ಎರಡು ಕೈಗಳಾಗಿದ್ದರು.

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜಧಾನಿಗೂ ದೂರ, ಜಲಪಾತಗಳಿಗೂ ದೂರ. ಜೋಗದ ವಿದ್ಯುದಾಗಾರ 1948ರಲ್ಲಿ ಕಾರ್ಯಾರಂಭ ಮಾಡಿ, 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪಿತವಾಗಿ, 1964ರ ಅನಂತರ ಶರಾವತಿಯ ಯಂತ್ರಗಳು ಒಂದೊಂದಾಗಿ ತಿರುಗತೊಡಗಿದ ಮೇಲೆಯೇ ಇಂತಹ ಸೀಮೆಗಳ ಹಳ್ಳಿಗಳಿಗೆ ಕಂಬ ನೆಡುವ ಕಾರ್ಯಕ್ಕೆ ನಿಜವಾದ ವೇಗ ಬಂದದ್ದು. ರಾಜ್ಯದ ಹೆಸರು ಬದಲಾದಾಗ ಮಂಡಳಿಯ ಹೆಸರೂ ಬದಲಾಗಿ ಕೆ.ಇ.ಬಿ. ಆಯಿತು, 2002ರಿಂದ ಇಲ್ಲಿನ ಸರಬರಾಜು ಬೆಸ್ಕಾಂ ಕಂಪನಿಯದಾಗಿದ್ದರೂ, ಬಿಲ್ಲು ಕಟ್ಟಲು ಹೊರಟ ಹಿರಿಯರು ಇಂದಿಗೂ ಹೋಗುವುದು 'ಕೆಇಬಿ ಆಫೀಸಿ'ಗೇ.

ಕಸುಬುದಾರನ ಮಟ್ಟಿಗೆ ಮುಖ್ಯವಾದ ವರ್ಷ 1956. ಭಾಷಾವಾರು ರಾಜ್ಯಗಳು ರೂಪುಗೊಂಡ ಆ ವರ್ಷದಲ್ಲಿಯೇ ಇಡೀ ದೇಶಕ್ಕೆ ಅನ್ವಯಿಸುವಂತೆ ಹೊರಬಂದ ವಿದ್ಯುಚ್ಛಕ್ತಿ ನಿಯಮಾವಳಿಯ 45ನೆಯ ನಿಯಮವು, ಮನೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಹೊಸ ತಂತಿಯನ್ನು ಹಾಕುವುದು, ಇರುವುದನ್ನು ಹೆಚ್ಚಿಸುವುದು, ಮಾರ್ಪಡಿಸುವುದು, ದುರಸ್ತಿ ಮಾಡುವುದು ಈ ಎಲ್ಲವನ್ನೂ ರಾಜ್ಯ ಸರ್ಕಾರದಿಂದ ಲೈಸೆನ್ಸ್ ಪಡೆದ ಕಂಟ್ರಾಕ್ಟರನ ಮುಖಾಂತರ, ಅರ್ಹತಾ ಪತ್ರವುಳ್ಳವನ ಪ್ರತ್ಯಕ್ಷ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಹೊಂದಿದವನ ಕೈಯಿಂದ ಮಾತ್ರ ಮಾಡಿಸತಕ್ಕದ್ದೆಂದು ವಿಧಿಸಿತು. ಮೂವರು ಮನುಷ್ಯರು, ಮೂರು ಪತ್ರಗಳು: ಹಣದ ಹೊಣೆ ಹೊರುವ ಕಂಟ್ರಾಕ್ಟರು, ಕಣ್ಣಿಟ್ಟು ನೋಡುವ ಸೂಪರ್‌ವೈಸರು, ಕೈಯಿಂದ ಮಾಡುವ ವೈರ್‌ಮನ್ನು. ದೀಪ, ಫ್ಯೂಜು, ಸ್ವಿಚ್ಚು, ಫ್ಯಾನುಗಳನ್ನು ಇದ್ದಂತೆಯೇ ಬದಲಿಸುವ ಅಲ್ಪಕಾರ್ಯಗಳಿಗೆ ವಿನಾಯಿತಿಯುಂಟು. ಈ ನಿಯಮದಲ್ಲಿ ನನಗೆ ಅತ್ಯಂತ ಜಾಣತನದ್ದೆಂದು ತೋರುವುದು ಅದರ ಎರಡನೆಯ ಭಾಗ. ಮನೆಮನೆಗೂ ಹೋಗಿ ಯಾರು ತಂತಿ ಎಳೆದರೆಂದು ವಿಚಾರಿಸುವ ಪೊಲೀಸರನ್ನು ಅದು ನಿಯಮಿಸಲಿಲ್ಲ. ಈ ಕ್ರಮವನ್ನು ಮೀರಿ ಮಾಡಿದ ಕೆಲಸಕ್ಕೆ ವಿದ್ಯುತ್ ಸಂಪರ್ಕವನ್ನೇ ಕೊಡತಕ್ಕದ್ದಲ್ಲವೆಂದಷ್ಟೇ ಹೇಳಿತು. ಕಾವಲು ಮನೆಯ ಬಾಗಿಲಲ್ಲಿರಲಿಲ್ಲ, ಮೀಟರ್ ಬೋರ್ಡಿನಲ್ಲಿತ್ತು.

ಈ ಒಂದು ವಾಕ್ಯದಿಂದಾಗಿ ಚಳ್ಳಕೆರೆ, ಮೊಳಕಾಲ್ಮೂರಿನಂತಹ ಊರುಗಳಲ್ಲಿ ಒಂದು ಹೊಸ ಬಗೆಯ ಅಂಗಡಿ ಹುಟ್ಟಿತು. ಮುಂಭಾಗದಲ್ಲಿ ಬಲ್ಬು, ಹೋಲ್ಡರು, ತಂತಿಯ ಸುರುಳಿಗಳು, ಹಿಂಭಾಗದಲ್ಲಿ ಅರ್ಜಿಗಳು. ಹೊಸ ಮನೆಗೆ ಕರೆಂಟು ಬೇಕಾದವನು ಕಂಟ್ರಾಕ್ಟರನಿಂದ ವೈರಿಂಗಿನ ನಕ್ಷೆ ಬರೆಯಿಸಿ, ಡಿಪಾಜಿಟ್ಟು ಕಟ್ಟಿ, ಕೆಲಸ ಮುಗಿದುದಕ್ಕೆ ಕಂಪ್ಲೀಷನ್ ರಿಪೋರ್ಟಿನ ಮೇಲೆ ಅವನ ರುಜುವನ್ನೂ ಮೊಹರನ್ನೂ ಪಡೆದು, ಇಲಾಖೆಯವರು ಪರೀಕ್ಷಿಸಿದ ಅನಂತರ ಸಂಪರ್ಕದ ಗುರುತಾದ ಆರ್.ಆರ್. ನಂಬರಿಗಾಗಿ ಕಾಯಬೇಕಾಗುತ್ತಿತ್ತು. ಆ ಪರೀಕ್ಷೆಯ ಉಪಕರಣ ಮೆಗ್ಗರ್. ತಂತಿಗೂ ಭೂಮಿಗೂ ನಡುವೆ ಒಂದು ನಿಮಿಷದ ಕಾಲ 500 ವೋಲ್ಟಿನ ಒತ್ತಡವನ್ನು ಕೊಟ್ಟರೆ ಹೊದಿಕೆಯ ತಡೆಯು ಒಂದು ಮೆಗಾಓಮ್‌ಗೆ ಕಡಿಮೆಯಾಗಕೂಡದು. ಸಾಗುವಾನಿ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪುಗಳಿಂದ ರಬ್ಬರ್ ಹೊದಿಕೆಯ ತಂತಿಯನ್ನು ಬಿಗಿಯುತ್ತಿದ್ದ ಆ ಕಾಲದ ಬ್ಯಾಟನ್ ವೈರಿಂಗು ಒಳ್ಳೆಯ ಕೈಯಲ್ಲಿ ಒಂದು ಚಿತ್ರದಂತೆ ಕಾಣುತ್ತಿತ್ತೆನ್ನುವುದನ್ನು ಹಳೆಯ ಮನೆಗಳ ತೊಲೆಗಳ ಪಕ್ಕದಲ್ಲಿ ಇನ್ನೂ ನೋಡಬಹುದು.

ಹೊದಿಕೆಯ ಪರೀಕ್ಷೆಯಲ್ಲಿ ಈ ಬೆಂಗಾಡು ಸುಲಭವಾಗಿ ಗೆಲ್ಲುತ್ತಿತ್ತು. ಒಣ ಗೋಡೆಯಲ್ಲಿ ಸೋರುವುದಕ್ಕೆ ತೇವವೆಲ್ಲಿ? ಸೋಲುತ್ತಿದ್ದುದು ಅರ್ತಿಂಗಿನಲ್ಲಿ. ತಪ್ಪಿಹೋದ ವಿದ್ಯುತ್ತನ್ನು ನೆಲ ಕುಡಿಯಬೇಕಾದರೆ ನೆಲದಲ್ಲಿ ಹಸಿಯಿರಬೇಕು. ಚಳ್ಳಕೆರೆಯಾದರೋ ಇಡೀ ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು, ಮೊಳಕಾಲ್ಮೂರಿನಲ್ಲಿ ಹಾರೆ ಹಾಕಿದರೆ ಅನೇಕ ಕಡೆ ಮೊದಲು ಸಿಕ್ಕುವುದು ಬಂಡೆ. ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಕಬ್ಬಿಣದ ಕೊಳವೆಯನ್ನು ನೆಟ್ಟು, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ಬಾಯಿಗೊಂದು ಆಲಿಕೆಯನ್ನಿಟ್ಟು, ಬೇಸಗೆಯಲ್ಲಿ ನೀರೆರೆಯುತ್ತಿರಬೇಕೆಂಬುದು ಶಾಸ್ತ್ರ. ಕುಡಿಯುವ ನೀರಿಗೆ ಕೊಡ ಹೊತ್ತು ಹೋಗುವ ಊರಿನಲ್ಲಿ ಭೂಮಿಯೊಳಗಿನ ಕೊಳವೆಗೆ ನೀರೆರೆಯಿರೆಂದು ಹೇಳುವ ಕಂಟ್ರಾಕ್ಟರನ ಮಾತನ್ನು ಯಾರು ಕೇಳಿಯಾರು! ಐದು ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಮನೆಯ ವೈರಿಂಗನ್ನೂ ಪುನಃ ಪರೀಕ್ಷಿಸತಕ್ಕದ್ದೆಂದು 46ನೆಯ ನಿಯಮ ಹೇಳುತ್ತಿದ್ದುದು ನಿಜ. ಆ ನಿಯಮವನ್ನು ಓದಿದವರಿಗಿಂತ ಓದದವರೇ ಹೆಚ್ಚು.

ಹೊಣೆಗೂ ಹೆಸರಿಗೂ ಇರುವ ಸಂಬಂಧವನ್ನು ಕುರಿತು ಹೇಳುವಾಗ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇರುವ ಒಂದು ಪುರಾತನ ನಿದರ್ಶನವನ್ನು ಬಿಡುವಂತಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಸುವರ್ಣಗಿರಿಯ ಆರ್ಯಪುತ್ರನ ಮತ್ತು ಮಹಾಮಾತ್ರರ ಅಪ್ಪಣೆಯಂತೆ ಇಸಿಲದ ಮಹಾಮಾತ್ರರಿಗೆ ಹೋದ ಆಜ್ಞೆಗಳು: ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ, ಅಲ್ಲಿಂದ ಪ್ರಜೆಗೆ. ಆಜ್ಞೆಯ ಕೊನೆಯಲ್ಲಿ, ಅದನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಹೇಳಿಕೊಂಡು, ತನ್ನ ವೃತ್ತಿಯನ್ನು ಈ ನಾಡಿಗೆ ಅಪರಿಚಿತವಾದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಲ್ಲಿ ರುಜು ಮಾಡಿದವನೂ ಕೆಲಸ ಮಾಡಿದವನೂ ಒಬ್ಬನೇ.

ಪರವಾನಗಿಯ ವ್ಯವಸ್ಥೆ ಸಡಿಲವಾಗುವುದು ಇವರಿಬ್ಬರೂ ಬೇರೆ ಬೇರೆಯಾದಾಗ. ಪರ್ಮಿಟ್ ಪಡೆಯಬೇಕಾದರೆ ಪರೀಕ್ಷೆಗೆ ಕೂಡಬೇಕು, ಇಲ್ಲವೆ ಐ.ಟಿ.ಐ.ಯಂತಹ ತರಬೇತಿ ಇರಬೇಕು. ಲೈಸೆನ್ಸಿಗೆ ಉಪಕರಣಗಳು, ಸೂಪರ್‌ವೈಸರನ ನೇಮಕ, ಕಾಲಕಾಲದ ನವೀಕರಣ. ಅಂಗಡಿಯಲ್ಲಿ ಏಣಿ ಹಿಡಿದು, ಗೋಡೆ ಕೊರೆದು, ಹತ್ತಾರು ವರ್ಷ ಕಲಿತ ಹುಡುಗನಿಗೆ ಕೈ ಪಳಗಿರುತ್ತದೆ, ಕಾಗದವಿರುವುದಿಲ್ಲ. ಕಾಗದವುಳ್ಳವನು ಮನೆಯನ್ನು ನೋಡದೆಯೇ ರುಜು ಹಾಕುವುದುಂಟು. ಇದನ್ನು ಕೇವಲ ವಂಚನೆಯೆಂದು ಕರೆದು ಮುಗಿಸಲು ನನಗೆ ಮನಸ್ಸಿಲ್ಲ. ಪರೀಕ್ಷೆಯನ್ನು ಕೆಲಸಗಾರನಿಂದ ಅಷ್ಟು ದೂರದಲ್ಲಿಟ್ಟವರ ಪಾಲೂ ಅದರಲ್ಲಿದೆ. ಈ ಸೀಮೆಗೆ ಗಡಿಯ ತೊಡಕೊಂದು ಬೇರೆ. ಮೊಳಕಾಲ್ಮೂರಿನ ನೆರೆಯ ರಾಯದುರ್ಗ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯದು. 1953ರಲ್ಲಿ ಅದು ಆಂಧ್ರಕ್ಕೆ ಸೇರಿತು, ಬಳ್ಳಾರಿ ಮೈಸೂರಿಗೆ ಬಂದಿತು. ಕೆಲಸಗಾರರಾದರೋ ಮದುವೆ, ಸಂತೆ, ಜಾತ್ರೆಗಳಿಗೆ ಹೋದಂತೆಯೇ ಕೂಲಿಗೂ ಎರಡೂ ಕಡೆ ಹೋಗುವವರು. ರಾಜ್ಯ ಸರ್ಕಾರ 'ಕೊಟ್ಟ ಅಥವಾ ಮಾನ್ಯಮಾಡಿದ' ಪರ್ಮಿಟ್ ಎಂದು ನಿಯಮದಲ್ಲಿರುವ ಆ ಎರಡನೆಯ ಪದಕ್ಕೆ ಬೆಂಗಳೂರಿನಲ್ಲಿರುವುದಕ್ಕಿಂತ ಗಡಿಯಂಚಿನ ರಾಂಪುರದಲ್ಲಿ ಹೆಚ್ಚಿನ ಬೆಲೆ.

ಚಳ್ಳಕೆರೆಯ ಎಣ್ಣೆ ಗಿರಣಿಗಳು ಈ ಕಸುಬಿನ ಗೌರವವನ್ನು ಹೆಚ್ಚಿಸಿದುವು. ಶೇಂಗಾ ಬೆಳೆಯ ಬಲದಿಂದ ಎರಡನೆಯ ಮುಂಬಯಿ ಎಂದು ಹೆಸರಾದ ಆ ಪಟ್ಟಣದಲ್ಲಿ, ಎತ್ತು ತಿರುಗಿಸುತ್ತಿದ್ದ ಗಾಣದ ಸ್ಥಾನಕ್ಕೆ ಮೂರು ಫೇಸಿನ ಮೋಟಾರು ಬಂದಾಗ, ದೀಪದ ಸ್ವಿಚ್ಚು ಹಾಕಬಲ್ಲವನ ವಿದ್ಯೆ ಸಾಲದಾಯಿತು. ಸ್ವಂತ ಟ್ರಾನ್ಸ್‌ಫಾರ್ಮರಿನ ಮಟ್ಟಕ್ಕೆ ಬೆಳೆದ ಗಿರಣಿಗೆ ಕಂಟ್ರಾಕ್ಟರನ ರುಜುವೊಂದೇ ಸಾಕಾಗದೆ, ವಿದ್ಯುತ್ ಪರಿವೀಕ್ಷಕರ ಸಮ್ಮತಿಯೂ ಬೇಕು. ಲೈಸೆನ್ಸುಗಳಲ್ಲಿಯೂ ದರ್ಜೆಗಳುಂಟೆಂಬುದು ಜನಕ್ಕೆ ಅರ್ಥವಾದದ್ದು ಹೀಗೆ. ಮೊಳಕಾಲ್ಮೂರಿನ ನೇಕಾರನ ಮನೆಯ ಸ್ಥಿತಿ ಇದಕ್ಕೆ ವಿಪರೀತ: ಮಗ್ಗದ ಗುಣಿಯ ಮೇಲೆ ಬೆಳಕು ಬೇಕಾದೆಡೆಗೆಲ್ಲ ತಂತಿಯನ್ನು ತಾನೇ ಉದ್ದಮಾಡಿ ಇಳಿಬಿಟ್ಟುಕೊಳ್ಳುವ ಅಭ್ಯಾಸಕ್ಕೆ ಯಾವ ನಕ್ಷೆಯಲ್ಲಿಯೂ ಜಾಗವಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಭಾಗ್ಯಜ್ಯೋತಿ ಯೋಜನೆ ಬಂದು ಹಟ್ಟಿಗಳ ಗುಡಿಸಲುಗಳಿಗೆ ಒಂದೊಂದು ದೀಪವನ್ನು ಕೊಟ್ಟಾಗ, ರುಜು ಹಾಕಿದವರು ಯಾರೆಂಬುದು ಆ ಮನೆಯವರಿಗೆ ತಿಳಿಯಲೇ ಇಲ್ಲ.

1910ರ ಶಾಸನ ರದ್ದಾಗಿ 2003ರಲ್ಲಿ ಹೊಸದು ಬಂದಿದೆ. 1956ರ ನಿಯಮಗಳ ಸ್ಥಾನದಲ್ಲಿ 2010ರಲ್ಲಿ, ಮತ್ತೆ 2023ರಲ್ಲಿ, ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಬಂಧನೆಗಳು ಬಂದಿವೆ. ಕಂಟ್ರಾಕ್ಟರು, ಮೇಲ್ವಿಚಾರಕ, ಕೆಲಸಗಾರ ಎಂಬ ತ್ರಿಕೂಟ ಹಾಗೆಯೇ ಇದೆ. ಅಲ್ಪಕಾರ್ಯದ ವಿನಾಯಿತಿಯೂ ಹಾಗೆಯೇ ಇದೆ. ಕೊಳವೆಬಾವಿಯ ಪಂಪಿನ ಪೆಟ್ಟಿಗೆಯಲ್ಲಿ ಫ್ಯೂಜು ಹೋದ ರಾತ್ರಿ, ತ್ರೀಫೇಸ್ ಇರುವ ಗಂಟೆಗಳು ಮುಗಿಯುವುದರೊಳಗೆ ನೀರು ಹಾಯಿಸಬೇಕಾದ ರೈತನು ಕೈಗೆ ಸಿಕ್ಕ ದಪ್ಪ ತಾಮ್ರದ ಎಳೆಯನ್ನು ಸುತ್ತಿ ಕಟ್ಟುತ್ತಾನೆ. ಫ್ಯೂಜನ್ನು ಇದ್ದಂತೆಯೇ ಬದಲಿಸಲು ಪರ್ಮಿಟ್ ಬೇಡವೆಂದ ನಿಯಮ, ಸಾಮರ್ಥ್ಯವನ್ನು ಬದಲಿಸಕೂಡದೆಂದೂ ಅದೇ ವಾಕ್ಯದಲ್ಲಿ ಹೇಳಿದೆ. ಆದರೆ ಆ ಹೊತ್ತಿನಲ್ಲಿ ಹೊಲದಲ್ಲಿರುವವನು ಅವನೊಬ್ಬನೇ.