ಕೊಡಲಿಯ ಕಾವು

ರಾಜಘಟ್ಟಕ್ಕೆ ನಾನು ಹೋದುದು ಬೌದ್ಧ ವಿಹಾರದ ನೆಲೆಯನ್ನು ನೋಡುವುದಕ್ಕೆ. ಮನಸ್ಸಿನಲ್ಲಿ ಹೊತ್ತು ತಂದುದು ಮಾತ್ರ ಒಂದು ಕೊಡಲಿಯನ್ನು. ದೊಡ್ಡಬಳ್ಳಾಪುರದ ಬಳಿಯ ಈ ಗ್ರಾಮದಲ್ಲಿ ಜನ ‘ಬೂದಿಗುಂಡಿ’ ಎಂದು ಕರೆಯುತ್ತಿದ್ದ ದಿಬ್ಬವನ್ನು ಮೈಸೂರು ವಿಶ್ವವಿದ್ಯಾನಿಲಯದ ವಿದ್ವಾಂಸರು 2001ರಲ್ಲಿ ಅಗೆದಾಗ, ಚೈತ್ಯ ವಿಹಾರಗಳ ಅವಶೇಷಗಳೂ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳೂ ದೊರೆತುವು. ಆ ಸ್ತೂಪಗಳ ಒಡಲಿನಲ್ಲಿ ಬುದ್ಧನ ಧರ್ಮದ ಸಾರವನ್ನು ಒತ್ತಿದ್ದ ಸಣ್ಣ ಮಣ್ಣಿನ ಮುದ್ರೆಗಳಿದ್ದುವು. ಹದಿಮೂರು, ಹದಿನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ನೆಲದೊಳಗಿದ್ದ ಮಣ್ಣಿನ ಅಕ್ಷರ ಅಳಿಯದೆ ಉಳಿದುದು ಸೋಜಿಗವೇ ಸರಿ.

ಹಿಂದಿರುಗುವಾಗ ಹೊಂಗೆಯ ನೆರಳಿನಲ್ಲಿ ಹಿರಿಯರೊಬ್ಬರು ಕೊಡಲಿಗೆ ಹೊಸ ಕಾವು ಕೂಡಿಸುತ್ತಿದ್ದರು. ಇತಿಹಾಸ ಓದಿದವನ ಬಾಯಿ ಸುಮ್ಮನಿರುವುದುಂಟೆ? ಬಳ್ಳಾರಿಯ ಬಳಿ ಸಂಗನಕಲ್ಲಿನ ಬೆಟ್ಟದಲ್ಲಿ ಕಬ್ಬಿಣ ಬರುವುದಕ್ಕೂ ಹಿಂದೆಯೇ ಕರಿಗಲ್ಲಿನಿಂದ ಕೊಡಲಿ ಮಾಡುವ ಕಾರ್ಖಾನೆಯೇ ಇದ್ದುದನ್ನೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯನ್ನು ಅಗೆದು ಅಲ್ಲಿನ ಪ್ರಾಚೀನರ ಬಾಳಿಗೆ ‘ಶಿಲಾಕೊಡಲಿ ಸಂಸ್ಕೃತಿ’ ಎಂದೇ ಹೆಸರಿಟ್ಟುದನ್ನೂ ಬಣ್ಣಿಸಿದೆ. ಅವರು ಸಾವಧಾನವಾಗಿ ಕೇಳಿ, “ಎಲ್ಲಾ ಸರಿ ಸ್ವಾಮಿ, ಆ ಕಲ್ಲುಕೊಡಲಿಗೆ ಕಾವು ಯಾವ ಮರದ್ದು?” ಎಂದರು.

ನಾನು ನಿರುತ್ತರನಾದೆ. ಕಲ್ಲು ಉಳಿಯುತ್ತದೆ, ಕಬ್ಬಿಣ ತುಕ್ಕಾಗಿಯಾದರೂ ಉಳಿಯುತ್ತದೆ. ಕಾವು ಗೆದ್ದಲಿನ ಪಾಲು. ವಸ್ತುಸಂಗ್ರಹಾಲಯದಲ್ಲಿ ನಾವು ನೋಡುವುದೆಲ್ಲ ಅರ್ಧ ಕೊಡಲಿ.

“ತಾತ, ನೀವೇ ಹೇಳಿ” ಎಂದು ಕುಳಿತೆ. ಕಾವಿಗೆ ದಿಂಡಿಗ ಸಿಕ್ಕರೆ ಉತ್ತಮ, ತಡಸಲು ಸಹ ಬಾಗಿ ಬಳುಕಿ ಪೆಟ್ಟು ತಡೆಯುತ್ತದೆ. ಈಗ ಅವೆರಡೂ ಕೈಗೆ ಸಿಗದೆ ಕರಿಜಾಲಿ ಹಿಡಿದಿದ್ದೇನೆ ಎಂದರು. ಮರದ ಎಳೆ ಬುಡದಿಂದ ತುದಿಯವರೆಗೆ ನೇರವಾಗಿ ಓಡಬೇಕು. ನಡುವೆ ಪಕ್ಕಕ್ಕೆ ಜಾರಿದರೆ ಮುರಿಯುವುದು ಅಲ್ಲಿಯೇ. ಗಂಟಿರಬಾರದು, ನೆರಳಿನಲ್ಲಿ ಒಣಗಿರಬೇಕು. ಕಾವಿನ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಕೊಡಲಿಯ ಬಾಯಿ ಅದೇ ಗೆರೆಯಲ್ಲಿ ಕಾಣಬೇಕು. ಬಾಯಿ ತೀರ ತೆಳುವಾದರೆ ಮರದಲ್ಲಿ ಕಚ್ಚಿಕೊಳ್ಳುತ್ತದೆ, ತೀರ ದಪ್ಪವಾದರೆ ಪುಟಿಯುತ್ತದೆ. ಕಮ್ಮಾರ ಕೊಟ್ಟ ಹದ ಹೆಚ್ಚಾದರೆ ಬಾಯಿ ಚಕ್ಕೆ ಏಳುತ್ತದೆ, ಕಡಮೆಯಾದರೆ ಮಡಿಸಿಕೊಳ್ಳುತ್ತದೆ. ಯಂತ್ರದ ಸಾಣೆಗೆ ಅವಸರದಿಂದ ಒತ್ತಿ ಬಾಯಿ ನೀಲಿಗಟ್ಟಿತೋ, ಹದ ಹೋಯಿತೆಂದೇ ಲೆಕ್ಕ. ನೀರು ಚಿಮುಕಿಸುತ್ತ ಕಲ್ಲಿನ ಮೇಲೆ ನಿಧಾನವಾಗಿ ಮಸೆಯಬೇಕು. ಕಾವು ಸಡಿಲವಾದರೆ ನೀರಿನಲ್ಲಿ ನೆನೆಹಾಕುವುದು ಸೋಮಾರಿಯ ಉಪಾಯ: ಇಂದು ಉಬ್ಬಿದ ಮರ ನಾಳೆ ಒಣಗಿ ಇನ್ನಷ್ಟು ಸಡಿಲವಾಗುತ್ತದೆ. ಒಣಮರದ ಬೆಣೆಯೇ ಅದಕ್ಕೆ ಮದ್ದು. ಜಾರಿದ ಕೊಡಲಿ ಯಾರ ತಲೆಯನ್ನು ಹುಡುಕುವುದೋ ಹೇಳಲಾಗದು.

“ಕೊಡಲಿ ಕಾವು ಕುಲಕ್ಕೆ ಮೃತ್ಯು” ಎಂಬ ಗಾದೆ ವಾಚಕರಿಗೆ ಗೊತ್ತೇ ಇದೆ. ಮರ ತನ್ನ ಕುಲದ ಶತ್ರುವಿಗೆ ಹಿಡಿಯನ್ನಷ್ಟೆ ಕೊಟ್ಟಿತೆಂದು ನಾನು ತಿಳಿದಿದ್ದೆ. ಆದರೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆಯ ಉಕ್ಕಿನ ಕುಲುಮೆಗಳ ಬಗೆಗೆ ಬರೆದುದನ್ನು ನೆನೆದರೆ, ಮರ ಕೊಟ್ಟುದು ಅಲಗನ್ನೂ ಹೌದು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಡ್ಡಿಗಳನ್ನಿಟ್ಟು, ಬಾಯಿ ಮುಚ್ಚಿ, ಇದ್ದಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲವನ್ನು ಹೀರಿ ಕಬ್ಬಿಣ ಉಕ್ಕಾಗುತ್ತಿತ್ತು. ದಕ್ಷಿಣದ ಈ ಉಕ್ಕೇ ಪಶ್ಚಿಮದಲ್ಲಿ ‘ವೂಟ್ಸ್’ ಎನಿಸಿಕೊಂಡಿತು; ನಮ್ಮ ‘ಉಕ್ಕು’ ಎಂಬ ಮಾತೇ ಹಾಗಾಯಿತೆಂದು ಹಲವರ ಮತ. ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯಂಥ ವಿಜ್ಞಾನಿ ಅದರ ಗುಟ್ಟನ್ನು ಹುಡುಕಿ ಪರೀಕ್ಷೆ ನಡೆಸಿದ. ಅದೇ ಶತಮಾನದಲ್ಲಿ ಅಗ್ಗದ ವಿಲಾಯಿತಿ ಕಬ್ಬಿಣ ಬಂದಿತು, ಇದ್ದಲು ದುಬಾರಿಯಾಯಿತು, ಕುಲುಮೆಗಳು ಒಂದೊಂದಾಗಿ ಆರಿದುವು. ಪುಸ್ತಕದಲ್ಲಿ ವರ್ಣನೆ ಉಳಿಯಿತು. ಕೈಯ ವಿದ್ಯೆ ಕಾವಿನಂತೆ ಮಣ್ಣುಪಾಲಾಯಿತು.

ದಿಬ್ಬದ ಮೇಲೆ ವಾಸವಾಗಿದ್ದ ಭಿಕ್ಷುಗಳಿಗೂ ಕೊಡಲಿಯ ಚಿಂತೆ ಇದ್ದಿರಬೇಕು. ವಿನಯಪಿಟಕದಲ್ಲಿ ಒಂದು ಕಥೆಯುಂಟು. ಆಳವಿಯ ಭಿಕ್ಷುವೊಬ್ಬ ವಸತಿ ಕಟ್ಟಲು ಮರ ಕಡಿಯುತ್ತಿದ್ದಾಗ, ಮರದ ದೇವತೆ ಬೇಡವೆಂದು ಬೇಡಿಕೊಂಡಿತು. ಅವನು ಕೇಳಲಿಲ್ಲ, ಏಟು ದೇವತೆಯ ಮಗುವಿನ ತೋಳಿಗೆ ಬಿದ್ದಿತು. ಅಂದಿನಿಂದ ಭಿಕ್ಷುಗಳು ಮರಗಿಡಗಳನ್ನು ನಾಶಮಾಡಕೂಡದೆಂದು ಬುದ್ಧ ನಿಯಮ ವಿಧಿಸಿದ. ಈ ಕಥೆಯನ್ನೂ ತಾತನಿಗೆ ಹೇಳಿದೆ. “ಬಾಯಿ ಹರಿತವಿದ್ದರೆ ಎಲ್ಲಿ ಏಟು ಹಾಕಿದರೆ ಅಲ್ಲೇ ಬೀಳುತ್ತೆ ಸ್ವಾಮಿ, ಮೊಂಡು ಕೊಡಲಿಯೇ ಜಾರೋದು, ಪಕ್ಕದ್ದನ್ನೂ ಕೆಡಿಸೋದು” ಎಂದರು.

“ನಿಮ್ಮ ಮಕ್ಕಳು ಈ ಕೆಲಸ ಕಲಿತಿದ್ದಾರೆಯೆ?” ಎಂದೆ. “ಅವರಿಗೆ ಯಂತ್ರದ ಗರಗಸ ಇದೆಯಲ್ಲ” ಎಂದು ನಕ್ಕು ಬೆಣೆ ಬಡಿದರು. ಆ ನಗೆಯಲ್ಲಿ ದೂರಿರಲಿಲ್ಲ. ದಣಿದ ತೋಳನ್ನು ಬಲ್ಲವರಿಗೆ ಯಂತ್ರದ ಮೇಲೆ ಮುನಿಸೇಕೆ? ಆದರೂ ದಿಂಡಿಗ, ತಡಸಲು, ಕರಿಜಾಲಿ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಸ್ತೂಪದ ಅಳತೆಗಳ ಕೆಳಗೆ ಬರೆದುಕೊಂಡೆ.

ಮನೆಯ ಹಿತ್ತಲಿನಲ್ಲಿ ಪೇಟೆಯಿಂದ ತಂದ ಕೊಡಲಿಯೊಂದಿದೆ. ಕಾವಿಗೆ ಚೆಂದದ ಕೆಂಪು ಬಣ್ಣ; ಅದಕ್ಕೇ ಮರುಳಾಗಿ ಕೊಂಡಿದ್ದೆ. ಊರಿನಿಂದ ಬಂದವನೇ ಚಾಕುವಿನಿಂದ ಬಣ್ಣವನ್ನು ಕೆರೆದು ನೋಡಿದೆ. ಗೇಣುದ್ದ ನೇರವಾಗಿ ಬಂದ ಎಳೆ, ಅಲ್ಲಿಂದ ಮುಂದೆ ಪಕ್ಕಕ್ಕೆ ಜಾರಿತ್ತು.